ಆರತಿ ನೀರಿನ ಕೆಂಪು

"ಸಾಬಿರಾ, ಇದೇನೇ ಇದು! ಕೆಂಪು ಎಲ್ಲಿ ಹೋಯ್ತು?"

ಜಾನಕಿ ಬ್ಲೆಂಡರಿನ ಗುಂಡಿಯಿಂದ ಬೆರಳು ತೆಗೆದು ಪಾತ್ರೆಯೊಳಗೆ ಬಗ್ಗಿ ನೋಡಿದಳು. ರತನ್‌ಜೋತ್ ಬೇರನ್ನು ಸೋಪಿನ ಕೆಂಪು ಬಣ್ಣಕ್ಕೆಂದು ಆಲಿವ್ ಎಣ್ಣೆಯಲ್ಲಿ ನೆನೆಸಿ, ಸಣ್ಣ ಬಿಸಿಯಲ್ಲಿ ಇಡೀ ದಿನ ಇಟ್ಟು, ತೆಳು ಬಟ್ಟೆಯಲ್ಲಿ ಸೋಸಿದಾಗ ದಾಳಿಂಬೆ ರಸದಂಥ ಎಣ್ಣೆ ಇಳಿದಿತ್ತು. ಅದಕ್ಕೆ ಕಾಸ್ಟಿಕ್ ಸೋಡಾದ ನೀರು ಬಿದ್ದದ್ದೇ ತಡ, ಕೆಂಪೆಲ್ಲ ಮಾಯವಾಗಿ ನೇರಳೆ ಹಣ್ಣು ತಿಂದವರ ನಾಲಗೆಯ ಬಣ್ಣ ಬಂದು ಕೂತಿತು.

ಬೇರು ತಂದುಕೊಟ್ಟವಳು ಪಕ್ಕದ ಮನೆಯ ಸಾಬಿರಾ. ಅವಳ ಮುಖ ಪೆಚ್ಚಾಯಿತು. "ನಮ್ಮಮ್ಮಿ ತಲೆಗೆ ಹಚ್ಚೋ ಎಣ್ಣೆಗೆ ಇದನ್ನೇ ಹಾಕೋರು ಅಕ್ಕಾ. ವರ್ಷಗಟ್ಟಲೆ ಕೆಂಪಗೇ ಇರ್ತಿತ್ತು, ಅಲ್ಲಾಹ್ ಆಣೆ."

"ನಿಮ್ಮಮ್ಮಿ ತಲೆ ಎಣ್ಣೆಗೆ ಸೋಡಾ ಸುರೀತಿರ್ಲಿಲ್ವಲ್ಲ" ಎಂದು ಜಾನಕಿ ಕನ್ನಡಕ, ಕೈಗವಸು ಎಲ್ಲವನ್ನೂ ಕಿತ್ತು ಮೇಜಿನ ಮೇಲೆ ಎಸೆದಳು. ನಗು ಬರಬೇಕಾದ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂತು.

ಸೋಪು ಬೇಕಿದ್ದದ್ದು ಜಾನಕಿಯ ಮಗಳು ಮೈತ್ರಿಯ ಮದುವೆಗೆ. ಹುಡುಗ ಅಭಿಲಾಷ್ ಒಳ್ಳೆಯವನೇ, ಮನೆಯವರೂ ಒಳ್ಳೆಯವರೇ, ಅದರಲ್ಲೇನೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಜಾನಕಿಯ ಕೈಗೆ ಕೆಲಸದ್ದು. ಊಟಕ್ಕೆ ಕೇಟರಿಂಗಿನವರು, ಹೂವಿಗೆ ಹೂವಿನವರು, ಮಂಟಪಕ್ಕೆ ಮಂಟಪದವರು, ಇವರೆಲ್ಲರ ಮೇಲೆ ಯಜಮಾನಿಕೆ ಮಾಡಲು ಫೋನ್ ಕಿವಿಗಂಟಿಸಿಕೊಂಡ ಒಬ್ಬಳು ಪ್ಲಾನರ್. ಚಕ್ಕುಲಿ ಕರೀಲಾ ಎಂದರೆ ಬೇಡ, ಅರಿಶಿನದ ಕೊಂಬು ಕಟ್ಟಲಾ ಎಂದರೆ ಅದೂ ಬೇಡ. "ಅಮ್ಮಾ, ಜಸ್ಟ್ ರಿಲ್ಯಾಕ್ಸ್" ಎನ್ನುತ್ತಿದ್ದಳು ಮೈತ್ರಿ. ಮಗಳ ಮದುವೆಯಲ್ಲಿ ರಿಲ್ಯಾಕ್ಸ್ ಮಾಡಿದ ತಾಯಿಯನ್ನು ಜಾನಕಿ ಈ ತನಕ ನೋಡಿರಲಿಲ್ಲ, ಆ ಪೈಕಿ ಮೊದಲನೆಯವಳಾಗುವ ಮನಸ್ಸೂ ಅವಳಿಗಿರಲಿಲ್ಲ. ಕಡೆಗೆ ಕಾಡಿ ಬೇಡಿ ಗಿಟ್ಟಿಸಿಕೊಂಡದ್ದು ಇದೊಂದೇ: ಮದುವೆಗೆ ಬಂದವರ ಕೈಗೆ ಉಡುಗೊರೆಯಾಗಿ ಕೊಡುವ ಸೋಪು.

ಅಮೆರಿಕದ ಈ ರೆಡ್ಮಂಡಿನ ಕಮ್ಯುನಿಟಿ ಸೆಂಟರಿನಲ್ಲಿ ಕಲಿತ ಮೇಲೆ ಅವಳು ಎಷ್ಟೋ ಸಲ ಸೋಪು ಮಾಡಿದ್ದಳು. ಅಂಗಡಿಯ ಬಣ್ಣದ ಸೋಪು ಮೈತ್ರಿಯ ಚರ್ಮಕ್ಕೆ ಆಗುತ್ತಿರಲಿಲ್ಲವಾದ್ದರಿಂದ ಶುರುವಾದ ಹುಚ್ಚು ಅದು. ಪುಡಿ ಬಣ್ಣ ಮುಟ್ಟುವುದಿಲ್ಲ, ಬೇರು ಎಲೆಗಳ ಬಣ್ಣವನ್ನೇ ಎಣ್ಣೆಗೆ ಇಳಿಸುತ್ತೇನೆ ಎಂಬ ಜಂಬ ಬೇರೆ. ಮೈತ್ರಿ ಒಪ್ಪಿದ್ದಳು, ಆದರೆ ಮಂಟಪದ ಬಟ್ಟೆಯ ತುಂಡೊಂದನ್ನು ಕೈಗಿಟ್ಟು ಹೇಳಿದ್ದಳು: "ಇಟ್ ಹ್ಯಾಸ್ ಟು ಬಿ ದಿಸ್ ರೆಡ್, ಅಮ್ಮಾ. ಆಗಲ್ಲ ಅಂದ್ರೆ ಬೇಗ ಹೇಳು, ವಿ ವಿಲ್ ಆರ್ಡರ್ ಸಮ್‌ಥಿಂಗ್." ಸೋಪು ಹದವಾಗಿ ಗಟ್ಟಿಯಾಗಲು ಒಂದೂವರೆ ತಿಂಗಳು ಬೇಕು. ಮದುವೆಗೆ ಉಳಿದಿದ್ದದ್ದು ಅದಕ್ಕಿಂತ ತುಸು ಹೆಚ್ಚು, ಅಷ್ಟೇ.

ಸಾಬಿರಾ ಚಹಾ ಮಾಡಿದಳು. ಇಬ್ಬರೂ ಕುಡಿಯುತ್ತಾ ಆ ನೇರಳೆ ಪಾತ್ರೆಯನ್ನು ಶತ್ರುವನ್ನು ನೋಡುವಂತೆ ನೋಡಿದರು. ಇದ್ದಕ್ಕಿದ್ದ ಹಾಗೆ ಜಾನಕಿ ಲೋಟ ಕೆಳಗಿಟ್ಟಳು.

"ಆರತಿ ನೀರು ಕಣೇ! ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಏನಾಗತ್ತೆ?"

"ಕೆಂಪಾಗತ್ತೆ" ಎಂದಳು ಸಾಬಿರಾ. ಮೈಸೂರಿನಲ್ಲಿ ಎದುರು ಮನೆಯ ಬಾಗಿಲಲ್ಲಿ ಎಷ್ಟು ಆರತಿ ನೋಡಿರಲಿಲ್ಲ ಅವಳು! "ಸುಣ್ಣದ್ ಜಾಗಕ್ಕೆ ಸೋಡಾ. ಅಯ್ಯೋ ಅಕ್ಕಾ, ನಮ್ ತಲೆಗೆ ಮೊದಲೇ ಯಾಕ್ ಹೊಳೀಲಿಲ್ಲ?"

ಮಾರನೆಯ ದಿನ ಅರಿಶಿನದ ಎಣ್ಣೆ ಇಳಿಸಿದರು. ಸೋಡಾದ ನೀರು ಬಿದ್ದೊಡನೆ ಹಳದಿ ಎಣ್ಣೆ ಕೆಂಪಾಗಿ, ಕಡೆಯುತ್ತಾ ಹೋದಂತೆ ಗಾಢವಾಗಿ ಬಟ್ಟೆಯ ತುಂಡಿನ ಜೊತೆ ಸರಿಗಟ್ಟಿ ನಿಂತಿತು. ಸದ್ದು ಕೇಳಿ ಬಂದ ಜಾನಕಿಯ ಗಂಡ ಗಣಪತಿ ಅವಳ ಹೆಗಲ ಮೇಲಿಂದ ಇಣುಕಿ, "ಎರಡು ಬತ್ತಿ ಹಚ್ಚಿ ಕೊಡ್ಲೇನೇ, ಹಂಗೇ ಎತ್ತಿಬಿಡು" ಎಂದ. ಜಾನಕಿ ಫೋಟೋ ಕಳಿಸಿದಳು. ಮೈತ್ರಿಯಿಂದ ಸಾಲಾಗಿ ಹೃದಯದ ಚಿತ್ರಗಳು ಬಂದವು. ಅಂದು ರಾತ್ರಿ ಜಾನಕಿ ಮಗುವಿನಂತೆ ನಿದ್ದೆ ಮಾಡಿದಳು.

ಆರತಿ ನೀರನ್ನು ಎತ್ತಿದ ಕೂಡಲೇ ಬಾಗಿಲ ಮುಂದೆ ಚೆಲ್ಲಿಬಿಡುತ್ತೇವೆ. ಅದನ್ನು ವಾರಗಟ್ಟಲೆ ಇಟ್ಟುಕೊಂಡು ಮುಂದೇನಾಗುತ್ತದೆಂದು ನೋಡಿದವರು ಜಾನಕಿಯ ವಂಶದಲ್ಲಿ ಯಾರೂ ಇರಲಿಲ್ಲ. ಗ್ಯಾರೇಜಿನ ಕಪಾಟಿನಲ್ಲಿ ಸಾಲಾಗಿ ಒಣಗಲಿಟ್ಟ ಸೋಪುಗಳ ಅಂಚು ಮೊದಲು ಮಾಸಿತು. ಬೆಳಕಿನ ಭ್ರಮೆ ಎಂದುಕೊಂಡಳು. ಆಮೇಲೆ ಇಟ್ಟಿಗೆಯ ಬಣ್ಣ, ಆಮೇಲೆ ಹಣ್ಣಾದ ಪಪ್ಪಾಯದ ಬಣ್ಣ. ಕಡೆಗೆ ಸೋಡಾದ ಖಾರವೆಲ್ಲ ಇಳಿದು, ಅರಿಶಿನ ತನ್ನ ಹುಟ್ಟುಬಣ್ಣಕ್ಕೇ ಮರಳಿತು.

"ಹೇಳ್ಬಿಡಿ ಅಕ್ಕಾ, ಇನ್ನೂ ಟೈಮಿದೆ" ಎಂದಳು ಸಾಬಿರಾ.

"ಹೇಳಿದ್ರೆ ಇದೂ ಕೈ ಬಿಟ್ಟು ಹೋಗತ್ತೆ" ಎಂದಳು ಜಾನಕಿ. ಮಗಳು ಸೋಪು ಹೇಗಿದೆ ಎಂದು ಕೇಳಿದಾಗ ಹಳೆಯ ಫೋಟೋವನ್ನೇ ಮತ್ತೆ ಕಳಿಸಿದಳು. ಕಳಿಸಿದ ಮೇಲೆ ಊಟ ಸೇರಲಿಲ್ಲ.

ಮದುವೆಗೆ ಒಂದು ವಾರ ಇದ್ದಾಗ ಮೈತ್ರಿ ಸಿಯಾಟಲ್‌ನಿಂದ ಪೆಟ್ಟಿಗೆಗಳನ್ನು ಒಯ್ಯಲು ಬಂದಳು. ಮರ್ಸರ್ ಐಲ್ಯಾಂಡ್ ಸೇತುವೆಯ ಟ್ರಾಫಿಕ್ಕನ್ನು ಬೈಯುತ್ತಲೇ ಗ್ಯಾರೇಜಿಗೆ ನುಗ್ಗಿದವಳು ಕಪಾಟಿನ ಮುಂದೆ ನಿಂತುಬಿಟ್ಟಳು.

"ದೀಸ್ ಆರ್ ಯೆಲ್ಲೋ."

"ಹೂಂ."

"ಫೋಟೋ ಕಳಿಸಿದ್ದೆ ನೀನು. ಲಾಸ್ಟ್ ವೀಕ್!"

"ಅದು ಹಳೇದು."

"ವೈ ಡಿಡ್ನ್ಟ್ ಯು ಟೆಲ್ ಮಿ, ಅಮ್ಮಾ?"

ಜಾನಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕಾರಣಗಳನ್ನು ಜೋಡಿಸಿಟ್ಟುಕೊಂಡಿದ್ದಳು, ಬಾಯಿಗೆ ಬಂದದ್ದು ಬೇರೆಯೇ. "ಹೇಳಿದ್ರೆ ನೀನು ಆರ್ಡರ್ ಮಾಡ್ಬಿಡ್ತಿದ್ದೆ. ನಿನ್ ಮದುವೇಲಿ ನಂಗೆ ಅಂತ ಇದ್ದಿದ್ದು ಇದೊಂದೇ ಕೆಲ್ಸ, ಮೈತ್ರಿ. ಮಿಕ್ಕಿದ್ದಕ್ಕೆಲ್ಲ ನಾನೂ ಒಬ್ಳು ಗೆಸ್ಟು."

ಮೈತ್ರಿ ಒಂದು ಸೋಪು ಎತ್ತಿ ಮೂಸಿ ಅಲ್ಲೇ ಇಟ್ಟಳು. ಆಮೇಲೆ ಅಂಗಳಕ್ಕೆ ಹೋಗಿ ಪ್ಲಾನರಿಗೆ ಫೋನ್ ಮಾಡಿದಳು. ಸೋಪಿನ ಬದಲು ಕೆಂಪು ಮೇಣದ ಬತ್ತಿಗಳು, ಅರ್ಜೆಂಟ್ ಡೆಲಿವರಿ. ಎಲ್ಲವೂ ಜಾನಕಿಯ ಕಿವಿಗೆ ಬಿತ್ತು. ಸಂಕಟವಾಯಿತು, ಸುಳ್ಳು ಹೇಳುವುದು ಮುಗಿಯಿತಲ್ಲ ಎಂದು ತುಸು ಹಗುರವೂ ಆಯಿತು. ಮಗಳ ತಪ್ಪೇನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸೋಪುಗಳ ಮೇಲೆ ಒಂದು ಹಳೆಯ ಪಂಚೆ ಹೊದಿಸಿ ಗ್ಯಾರೇಜಿನ ದೀಪ ಆರಿಸಿದಳು.

ಮದುವೆಯ ದಿನ ಮೈತ್ರಿ ತಯಾರಾಗಲು ರೆಡ್ಮಂಡಿನ ಓವರ್‌ಲೇಕ್ ಬಡಾವಣೆಯ ಅಮ್ಮನ ಮನೆಗೇ ಬಂದಿದ್ದಳು. ಬೆಳಗ್ಗೆಯೇ ರೇಷ್ಮೆ ಸೀರೆ ಉಟ್ಟು, ಮುಡಿಗೆ ಹೂವಿಟ್ಟು, ಮಾಡಲು ಏನೂ ಇಲ್ಲದೆ ಜಾನಕಿ ಮೆಟ್ಟಿಲ ಮೇಲೆ ಕೂತಿದ್ದಳು. ಮೇಕಪ್ಪಿನವಳು ಕೆಳಗೆ ತನ್ನ ಬುಟ್ಟಿ ಬಿಚ್ಚುತ್ತಿದ್ದಳು. ಮೇಲಿನ ಬಚ್ಚಲಿನಿಂದ ದನಿ ಬಂತು.

"ಅಮ್ಮಾ! ಒಂದ್ನಿಮಿಷ ಬಾ."

"ಟವೆಲ್ ಬೇಕಾ?"

"ಅಲ್ಲ. ನಿನ್ ಸೋಪು ತಗೊಂಡ್ ಬಾ." ಸ್ವಲ್ಪ ತಡೆದು ಮತ್ತೆ, "ಬೆನ್ನುಜ್ಜು ಬಾ."

ಗ್ಯಾರೇಜಿಗೆ ಓಡಿದ್ದು, ಮೆಟ್ಟಿಲು ಹತ್ತಿದ್ದು ಜಾನಕಿಗೆ ಗೊತ್ತಾಗಲಿಲ್ಲ. ಮೈತ್ರಿ ಟಬ್ಬಿನಲ್ಲಿ ಬೆನ್ನು ಮಾಡಿ, ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ಎಡ ಹೆಗಲ ಕೆಳಗಿನ ಮಚ್ಚೆ ಇದ್ದಲ್ಲೇ ಇತ್ತು. ಜಾನಕಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಮಂಡಿಯೂರಿದಳು. ಸೋಪು ಹದವಾಗಿ ಗಟ್ಟಿಯಾಗಿತ್ತು. ಅಂಗೈ ಕೆಳಗೆ ನುಣ್ಣಗೆ ಜಾರಿ, ಬೆಳ್ಳಗೆ ದಟ್ಟ ನೊರೆ ಬಿಟ್ಟಿತು.

"ಉರೀತಿದೆಯೇನೇ?"

"ಇಲ್ಲ. ಇನ್ನೂ ಜೋರಾಗಿ ಉಜ್ಜು."

ಮೇಕಪ್ಪಿನವಳು ಮೇಲೆ ಬಂದು ಬಾಗಿಲು ತಟ್ಟಿದಳು. "ಟೆನ್ ಮಿನಿಟ್ಸ್" ಎಂದು ಕೂಗಿ ಮೈತ್ರಿ ತಲೆಯನ್ನು ಇನ್ನಷ್ಟು ಬಗ್ಗಿಸಿದಳು. ಜಾನಕಿ ಸೋಪನ್ನು ಮತ್ತೊಮ್ಮೆ ನೀರಿಗೆ ಅದ್ದಿದಳು.