ವರ್ನಾಳ ಪೀಪಾಯಿ

ನನ್ನ ಗಂಡ ಎಸ್ಟಿಲ್‌ನಂಥ ಹಠಮಾರಿ ಇಡೀ ಕೆಂಟಕಿಯಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ಅವನ ಹೆಂಡತಿಯನ್ನು ಕರೆತನ್ನಿ, ಇಬ್ಬರೂ ಕೂತು ಅಳುತ್ತೇವೆ.

ಮಗಳು ವರ್ನಾ ಹುಟ್ಟಿದ ವಾರವೇ ಅವಳ ಹೆಸರಿನಲ್ಲಿ ಒಂದು ಪೀಪಾಯಿ ಬರ್ಬನ್ ವಿಸ್ಕಿ ತುಂಬಿಸಿದ. ಹೆಚ್ಚಿನ ಪಾಲು ಮೆಕ್ಕೆಜೋಳ, ಮಿಕ್ಕಿದ್ದು ರೈ ಧಾನ್ಯ ಮತ್ತು ಬಾರ್ಲಿ. ಒಳಮೈಗೆ ಬೆಂಕಿ ಹಾಯಿಸಿ ಕರಿ ಮಾಡಿದ ಹೊಸ ಓಕ್ ಮರ. ಮಗಳ ಮದುವೆಯ ದಿನ ಅದರ ಬಿರಡೆ ತೆಗೆಯುವುದು ಅವರ ಮನೆತನದ ಪದ್ಧತಿ. ಪೀಪಾಯಿಗಳನ್ನು ಹದಕ್ಕೆ ಇಡುವ ಉಗ್ರಾಣಕ್ಕೆ ಅವನೇ ಮೇಸ್ತ್ರಿ. ಪೀಪಾಯಿಯನ್ನು ತಗಡಿನ ಮಾಡಿನ ಕೆಳಗೆ, ಬೇಸಿಗೆಯಲ್ಲಿ ಕುದಿಯುವಂಥ ಮೇಲಂತಸ್ತಿಗೇ ಏರಿಸಿದ.

"ಸೆಕೆಗೆ ಚೆನ್ನಾಗಿ ಹದವಾಗುತ್ತೆ ಕಣೇ. ಮದುವೆ ಹೊತ್ತಿಗೆ ನೋಡ್ತಾ ಇರು" ಅಂದ. ನನಗೂ ಹಿಗ್ಗು.

ಮದುವೆಯಾಯಿತು, ಪೀಪಾಯಿ ಇಳಿಯಲಿಲ್ಲ. ವರ್ನಾ ಕಟ್ಟಿಕೊಂಡಿದ್ದು ಟೆನೆಸಿಯ ಹಾಲಿಸ್‌ನನ್ನು. ಅವನದೂ ವಿಸ್ಕಿಯ ಕಸುಬೇ. ಆದರೆ ಟೆನೆಸಿಯವರು ಪೀಪಾಯಿಗೆ ತುಂಬುವ ಮೊದಲು ಮೇಪಲ್ ಮರದ ಇದ್ದಿಲಿನಲ್ಲಿ ಸೋಸುತ್ತಾರೆ. ಇಷ್ಟೇ ಸ್ವಾಮಿ ವ್ಯತ್ಯಾಸ! ಇಷ್ಟಕ್ಕೆ ಒಂದು ಮನೆ ಎರಡಾಯಿತು.

ಮದುವೆಯ ಹಿಂದಿನ ದಿನ ಊಟಕ್ಕೆ ಕೂತಾಗ ಎಸ್ಟಿಲ್ ಶುರು ಹಚ್ಚಿಕೊಂಡ. "ಏನಪ್ಪಾ, ಒಲೆ ಇದ್ದಿಲಲ್ಲಿ ಸೋಸಿದ್ದನ್ನೂ ವಿಸ್ಕಿ ಅಂತಾರಾ ನಿಮ್ಮ ಕಡೆ? ಅದರಲ್ಲಿ ಪಾತ್ರೆ ತಿಕ್ಕಬಹುದು."

ಹಾಲಿಸ್ ನಕ್ಕ. "ನಿಮ್ಮದು ಕುಡಿದ್ರೆ ಓಕ್ ಮರದ ಬಾಗಿಲು ಅಗಿದ ಹಾಗಾಗುತ್ತೆ ಮಾವ."

ತಮಾಷೆಗೆ ಅಂದಿದ್ದು. ಎಸ್ಟಿಲ್‌ಗೆ ಕೋಪ ನೆತ್ತಿಗೇರಿತು. "ನಮ್ಮ ಮುತ್ತಾತ ತೆರಿಗೆಯೋರ ಕಾಟಕ್ಕೆ ಪೆನ್ಸಿಲ್ವೇನಿಯಾ ಬಿಟ್ಟು ಇಲ್ಲಿಗೆ ಬಂದೋನು. ಅಲ್ಲಿ ರೈ ವಿಸ್ಕಿ ಕಾಯಿಸ್ತಿದ್ದೋನು ಇಲ್ಲಿ ಮೆಕ್ಕೆಜೋಳಕ್ಕೆ ಕೈ ಹಾಕಿದ. ಸರ್ಕಾರದೋರು ದೇಶದಲ್ಲೆಲ್ಲ ಕುಡಿತ ನಿಷೇಧ ಮಾಡಿದ್ದ ಕಾಲದಲ್ಲೂ ನಮ್ಮಪ್ಪ ಡಾಕ್ಟ್ರ ಚೀಟಿಗೆ ಔಷಧಿ ಅಂತ ತುಂಬಿಸಿಕೊಟ್ಟು ಈ ಕಸುಬು ಉಳಿಸ್ದ. ಅದು ನಿನಗೆ ಬಾಗಿಲೇನೋ?"

"ಅಪ್ಪ, ಮದುವೆ ನಂದು. ಸುಮ್ನೆ ಪೀಪಾಯಿ ಇಳಿಸು" ಅಂದಳು ವರ್ನಾ.

"ಮೊದಲು ನಿನ್ನ ಗಂಡ ಕ್ಷಮೆ ಕೇಳ್ಲಿ. ಇಲ್ಲಾಂದ್ರೆ ನೀನೇ ಬಂದು ಬೇಡ್ಕೋ."

ಅವಳು ಬೇಡಿಕೊಳ್ಳುವವಳೇ? ಅಪ್ಪನ ಮೂಗು, ಅಪ್ಪನದೇ ಕೊಬ್ಬು. ಆಮೇಲೆ ಇವನು ಟೆನೆಸಿಗೆ ಕಾಲಿಡಲಿಲ್ಲ, ಅವಳು ಇಲ್ಲಿಗೆ ಬರಲಿಲ್ಲ. ನಾನು ಮಾತ್ರ ಆಗೊಮ್ಮೆ ಈಗೊಮ್ಮೆ ಬಸ್ಸು ಹತ್ತಿ ಹೋಗಿಬರುತ್ತಿದ್ದೆ. ನನ್ನ ಕೂದಲು ಬೆಳ್ಳಗಾಗಿದ್ದು ಆ ಬಸ್ಸುಗಳಲ್ಲೇ.

ಈ ವಸಂತದಲ್ಲಿ ಹಾಲಿಸ್ ಫೋನ್ ಮಾಡಿದ. "ಅತ್ತೆ, ವರ್ನಾಗೆ ಕಾಯಿಲೆ ಜೋರಾಗಿದೆ, ಡಾಕ್ಟ್ರು ಕೈಚೆಲ್ಲಿಬಿಟ್ರು. ಬೇಗ ಬನ್ನಿ. ಅವಳ ಪೀಪಾಯಿಯಿಂದ ಒಂದು ಗುಟುಕು ಬೇಕಂತೆ, ಅಪ್ಪನಿಗೆ ಹೇಳು ಅಂದ್ಳು."

"ಕೇಳಿದ್ಳಾ? ಅವಳೇ ಕೇಳಿದ್ಳಾ?" ಎಸ್ಟಿಲ್ ಎದ್ದು ನಿಂತ. ಮುಖ ಅರಳಿ, ಮರುಕ್ಷಣವೇ ಅಳುವಂತಾಯಿತು. ಟೋಪಿಯನ್ನೂ ಹಾಕಿಕೊಳ್ಳದೆ ಉಗ್ರಾಣಕ್ಕೆ ಓಡಿದ, ಹಿಂದೆಯೇ ನಾನು.

ಮರದ ಸುತ್ತಿಗೆಯಿಂದ ಪೀಪಾಯಿಗೆ ತಟ್ಟಿದ. ಖಾಲಿ ಡಬ್ಬದ ಸದ್ದು. ಬಿರಡೆ ಕಿತ್ತು ಬೋರಲು ಹಾಕಿದ. ಒಂದು ಹನಿ ಬೀಳಲಿಲ್ಲ. ವರ್ಷವರ್ಷವೂ ಮರದಿಂದ ಆವಿಯಾಗಿ ಹೋಗುವುದನ್ನು ನಾವು ದೇವದೂತರ ಪಾಲು ಅನ್ನುತ್ತೇವೆ. ಆ ಸೆಕೆಯಲ್ಲಿ ಇಷ್ಟು ವರ್ಷ ಬಿಟ್ಟರೆ ಮನುಷ್ಯರ ಪಾಲಿಗೆ ಏನು ಉಳಿದೀತು? ಮಕ್ಕಳಿಗೆ ಪಾಠ ಹೇಳಿದಂತೆ ಇದನ್ನು ಎಲ್ಲರಿಗೂ ಹೇಳುತ್ತಿದ್ದ ಮೇಸ್ತ್ರಿ, ಸ್ವಂತ ಮಗಳ ಪೀಪಾಯಿಯನ್ನು ಒಂದು ಸಲವೂ ಹತ್ತಿ ತಟ್ಟಿ ನೋಡಿರಲಿಲ್ಲ.

"ನಡಿ, ಹೋಗೋಣ" ಅಂದೆ.

"ಬರಿಗೈಲಾ ಮರ್ಟಲ್? ಜನ್ಮದಲ್ಲಿ ಒಂದು ಕೇಳಿದಾಳೆ."

ಹಳಬರಿಗೊಂದು ಉಪಾಯ ಗೊತ್ತು. ಖಾಲಿ ಪೀಪಾಯಿಗೆ ಬಿಸಿನೀರು ಹೊಯ್ದು ಉರುಳಿಸುತ್ತಿದ್ದರೆ, ಮರ ಕುಡಿದದ್ದನ್ನು ನಿಧಾನಕ್ಕೆ ಬಿಟ್ಟುಕೊಡುತ್ತದೆ. ಎಸ್ಟಿಲ್ ಅಂಗಳದಲ್ಲಿ ಅದನ್ನೇ ಹಿಡಿದು ಕೂತ. ಉರುಳಿಸುವುದು, ಬಿಸಿಲಿಗಿಡುವುದು, ಬಗ್ಗಿ ಮೂಸುವುದು.

"ನಿನಗೇನು ತಲೆ ಕೆಟ್ಟಿದೆಯಾ? ಮಗು ಸಾಯ್ತಾ ಇದೆ!" ಎಂದು ಕಿರುಚಿದೆ.

"ಇನ್ನೊಂದು ದಿನ. ಬಣ್ಣ ಬಿಡ್ತಾ ಇದೆ ನೋಡು."

ಬಸ್ಸಿಗೆ ಹೋಗುತ್ತೇನೆಂದು ಚೀಲ ಎತ್ತಿಕೊಂಡರೆ ಕೈ ಹಿಡಿದುಕೊಂಡ. "ಒಬ್ಬನೇ ಅವಳ ಮುಖ ನೋಡೋಕೆ ನನಗೆ ಧೈರ್ಯ ಇಲ್ಲ ಕಣೇ." ಚೀಲ ಕೆಳಗಿಟ್ಟೆ. ಕಾಯುವುದೇ ಕಸುಬಾದವರ ಮನೆ ನಮ್ಮದು. ಅದೊಂದು ನಮಗೆ ಚೆನ್ನಾಗಿ ಬರುತ್ತದೆ.

ಕಡೆಗೂ ಒಂದು ಬಾಟಲಿಯಷ್ಟು ತೆಳು ಕಂದು ನೀರು ಸೋಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾರು ಓಡಿಸಿದ.

ಹಾಲಿಸ್‌ನ ಮನೆ ಮುಂದೆ ಅಕ್ಕಪಕ್ಕದ ಹೆಂಗಸರು ಮುಚ್ಚಿದ ಪಾತ್ರೆಗಳಲ್ಲಿ ಊಟ ಹಿಡಿದು ನಿಂತಿದ್ದರು. ಅದನ್ನು ಕಂಡೊಡನೆ ನನಗೆ ತಿಳಿದುಹೋಯಿತು. ಮೆಟ್ಟಿಲ ಮೇಲೆ ಕೂತಿದ್ದ ಹಾಲಿಸ್ ತಲೆಯೆತ್ತಿದ.

"ಬೆಳಿಗ್ಗೆ ಹೋಗ್ಬಿಟ್ಳು ಅತ್ತೆ."

ಎಸ್ಟಿಲ್ ಬಾಟಲಿ ಮುಂದೆ ಹಿಡಿದ. "ಅವಳ ಪೀಪಾಯಿದು. ಕೇಳಿದ್ಳಲ್ಲ..."

"ಮಾವ, ಅವಳ ಗಂಟಲಲ್ಲಿ ನೀರೂ ಇಳೀತಿರಲಿಲ್ಲ. 'ಸುಮ್ನೆ ಬಾ ಅಂದ್ರೆ ಅಪ್ಪ ಬರಲ್ಲ, ಪೀಪಾಯಿ ಕೇಳಿದ್ರೆ ಓಡಿ ಬರ್ತಾನೆ' ಅಂತ ಹೇಳಿಸಿದ್ಳು ಅಷ್ಟೆ. ಬಾಗಿಲು ನೋಡ್ಕೊಂಡೇ ಇದ್ಳು."

ಎಸ್ಟಿಲ್ ಮೆಟ್ಟಿಲ ಮೇಲೆ ಕುಸಿದ. ಹಾಲಿಸ್ ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಒಂದು ಗುಟುಕು ಕುಡಿದ. ಒದ್ದೆ ಮರದ ರುಚಿ ಬಿಟ್ಟು ಅದರಲ್ಲಿ ಏನಿದ್ದೀತು? ಆದರೂ, "ಚೆನ್ನಾಗಿದೆ ಮಾವ" ಅಂದ.

ಎಸ್ಟಿಲ್ ಅವನ ಮುಖವನ್ನೇ ನೋಡಿದ. "ಇದ್ದಿಲಲ್ಲಿ ಸೋಸಿದ್ರೆ ಇನ್ನೂ ಚೆನ್ನಾಗಿರ್ತಿತ್ತೇನೋ ಅಲ್ವಾ ಮಗಾ?"

ಗಂಡನ ಕೆನ್ನೆಗೆ ಬಾರಿಸಬೇಕೆನಿಸಿತು. ಈ ಒಂದು ಮಾತನ್ನು ಅಂದು ಊಟದ ಮೇಜಿನಲ್ಲಿ ಆಡಿದ್ದರೆ ಸಾಕಿತ್ತು. ಇಬ್ಬರನ್ನೂ ಅಲ್ಲೇ ಬಿಟ್ಟು, ನನ್ನ ಮಗಳ ತಲೆ ಬಾಚಲು ಒಳಗೆ ಹೋದೆ.