ತಾಲೀಮಿನಲ್ಲಿ ಆಡದ ಸಾಲು

ಅವಳಿಗೆ ಆ ಸಾಲು ನಿಜವಾಗಿ ಬರುತ್ತದೆಯೇ? ಬರದಿದ್ದರೆ ಈಗ ಅದನ್ನು ತಿಳಿಯುವುದಾದರೂ ಹೇಗೆ? ನ್ಯೂ ಹೇವನ್‌ನ ಆ ಹಳೆಯ ರಂಗಮಂದಿರದಲ್ಲಿ, ಪರದೆಯ ಮರೆಯ ತನ್ನ ಮೂಲೆಯಲ್ಲಿ ಎಮೆಟ್ ಸೋರ್ಲಿ ಬೆಳಗಿನಿಂದ ಇದೊಂದನ್ನೇ ಯೋಚಿಸುತ್ತಿದ್ದ. ನಟರ ಮಾತು ತಪ್ಪಿದರೆ ಎತ್ತಿಕೊಡುವುದು ಅವನ ಕೆಲಸ. ಆದರೆ ನಾಟಕದ ಕೊನೆಯ ಸಾಲನ್ನು ತಾಲೀಮಿನಲ್ಲಿ ಯಾರೂ ಆಡುವುದಿಲ್ಲ. ಪ್ರೇಕ್ಷಕರು ಬಂದು ಕೂರುವ ಮೊದಲೇ ಅದನ್ನು ಬಾಯಿಬಿಟ್ಟು ಹೇಳಿದರೆ ನಾಟಕ ಮುಳುಗುತ್ತದೆ ಎಂದು ರಂಗದವರೆಲ್ಲ ನಂಬಿದ್ದರು. ಈ ನಾಟಕದ ಕೊನೆಯ ಸಾಲು ವರ್ನಾ ಹ್ಯಾಸ್ಕೆಲ್‌ಳದು. ಪ್ರತಿ ತಾಲೀಮಿನಲ್ಲೂ ಅಲ್ಲಿಗೆ ಬಂದಾಗ ಅವಳು ಕೈಯೆತ್ತಿ ಸುಮ್ಮನೆ ನಿಲ್ಲುತ್ತಿದ್ದಳು, ಆಮೇಲೆ ನಗುತ್ತಿದ್ದಳು.

ಹರೆಯದಲ್ಲಿ ರಂಗದ ಮೇಲೆ ಹೆಸರು ಮಾಡಿದವಳು ಆಕೆ. ಆಮೇಲೆ ಟೀವಿಗೆ ಹೋಗಿ, ಮಧ್ಯಾಹ್ನದ ಧಾರಾವಾಹಿಯಲ್ಲಿ ಡಾಕ್ಟರನ ಹೆಂಡತಿಯಾಗಿ ವರ್ಷಗಟ್ಟಲೆ ನಟಿಸಿದಳು. ಅಲ್ಲಿ ಕ್ಯಾಮೆರಾ ಪಕ್ಕ ಹಿಡಿದ ಹಲಗೆ ನೋಡಿ ಮಾತು ಓದಿದರಾಯಿತು. ಕಳೆದ ಚಳಿಗಾಲ ಧಾರಾವಾಹಿಯವರು ಅವಳ ಪಾತ್ರವನ್ನು ಕಾರು ಅಪಘಾತದಲ್ಲಿ ಮುಗಿಸಿದರು. ಅದೇ ಚಳಿಗಾಲ ಗಂಡ ರಸ್ ತೀರಿಕೊಂಡ.

ಆ ಸಂಜೆ ಮೊದಲ ಪ್ರದರ್ಶನ; ಇಲ್ಲಿ ಗೆದ್ದರೆ ನಾಟಕ ನ್ಯೂಯಾರ್ಕಿಗೆ ಹೋಗುವುದಿತ್ತು. ಬೆಳಿಗ್ಗೆ ನಿರ್ಮಾಪಕ ಟೀಗ್ ಕಾಫಿ ಲೋಟ ಹಿಡಿದು ಬಂದಿದ್ದ.

"ನೇರವಾಗಿ ಹೇಳು ಎಮೆಟ್. ಅವಳಿಗೆ ಪಾತ್ರ ಬಾಯಿಗೆ ಬಂದಿದೆಯೋ ಇಲ್ವೋ? ಇವತ್ತು ಎಡವಿದ್ರೆ ನ್ಯೂಯಾರ್ಕಿಗೆ ಬೇರೆಯವಳನ್ನ ಕರ್ಕೊಂಡು ಹೋಗ್ತೀನಿ."

"ಬಂದಿದೆ."

"ಟೀವಿಯವರಿಗೆ ಓದೋದಷ್ಟೇ ಬರೋದು ಕಣಯ್ಯ."

ಸಂಜೆ ಎಮೆಟ್ ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತ.

"ಏನೋ, ಹೆಣ ನೋಡಿದ ಹಾಗೆ ನೋಡ್ತೀಯ?" ಎಂದಳು ವರ್ನಾ ಕನ್ನಡಿಯಲ್ಲೇ ಅವನನ್ನು ನೋಡುತ್ತ. "ಸೀರಿಯಲ್ಲಿನವರು ಒಂದ್ಸಲ ಸಾಯಿಸಿದ್ದಾರೆ, ಸಾಕು."

"ಕೊನೇ ಸಾಲು, ಮಿಸ್ ಹ್ಯಾಸ್ಕೆಲ್. ಬಾಯಲ್ಲಿ ಹೇಳ್ಬೇಡಿ, ಕಣ್ಣಾಡಿಸಿ ಸಾಕು."

ಅವನು ಚಾಚಿದ ಹಸ್ತಪ್ರತಿಯನ್ನು ಅವಳು ತೆಗೆದುಕೊಳ್ಳಲಿಲ್ಲ. "ರಸ್ ಅಡುಗೆಮನೆ ಮೇಜಿನ ಆಚೆ ಕೂತು ನನ್ನ ಸಾಲು ಒಪ್ಪಿಸ್ಕೊಳ್ತಿದ್ದ. 'ವೀ, ಇನ್ನೊಂದ್ಸಲ' ಅಂತ. ನನ್ನ ಎಲ್ಲಾ ಪಾತ್ರಾನೂ ಹಾಗೇ ಬಂದಿದ್ದು. ಈಗ ಆ ಕುರ್ಚಿ ನೋಡಿದ್ರೆ ಬಾಯೇ ಕಟ್ಟಿಹೋಗುತ್ತೆ."

ನಾಟಕ ಚೆನ್ನಾಗಿಯೇ ಸಾಗಿತು. ಕೊನೆಯಲ್ಲಿ ಅವಳು ಕೈಯೆತ್ತಿದಳು. ಮಾತು ಬರಲಿಲ್ಲ.

ಎಮೆಟ್‌ನ ಬೆರಳು ಸಾಲಿನ ಮೇಲೇ ಇತ್ತು: 'ಬಾಗಿಲು ತೆರೆದೇ ಇರಲಿ, ನನಗೆ ಚಳಿಯಿಲ್ಲ.' ಅವನೂ ಅದನ್ನು ಎಂದೂ ಬಾಯಿಬಿಟ್ಟು ಓದಿರಲಿಲ್ಲ. ತುಟಿ ತೆರೆದ. ನಾಲಿಗೆ ಏಳಲಿಲ್ಲ. ಸಭೆಯಲ್ಲಿ ಯಾರೋ ಕೆಮ್ಮಿದರು.

ಆಗ ವರ್ನಾ ಮುಖ ತಿರುಗಿಸಿದಳು. ಎಮೆಟ್ ಇದ್ದ ಕಡೆಗಲ್ಲ, ರಂಗದ ಆಚೆ ಬದಿಯ ಪರದೆಯ ಮರೆಗೆ. ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಹೋದ ಮೇಲೆ ಖಾಲಿ ರಂಗದ ನಡುವೆ ಉರಿಸಿಡುವ ಒಂಟಿ ಬಲ್ಬಿನ ಕಂಬ, ಆರಿದ್ದು, ಗೋಡೆಗೆ ಒರಗಿತ್ತು. ಹೇಳಿಸಿಕೊಳ್ಳುವವಳ ಹಾಗೆ ತುಸು ಕತ್ತು ಬಾಗಿಸಿ, ಅವಳು ಸಾಲನ್ನು ಹೇಳಿದಳು. ಒಂದು ಪದವೂ ತಪ್ಪಲಿಲ್ಲ.

ಪರದೆ ಬಿದ್ದ ಮೇಲೆ ಟೀಗ್ ಅವಳನ್ನು ಎಲ್ಲರೆದುರು ತಬ್ಬಿಕೊಂಡ. ಅವನಿಂದ ಬಿಡಿಸಿಕೊಂಡು ಅವಳು ನೇರ ಎಮೆಟ್ ಹತ್ತಿರ ಬಂದು ಅವನ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು.

"ಆ ಕಡೆಗೆ ಯಾವಾಗ ಹೋಗಿದ್ದೆ? ಸರಿಯಾದ ಹೊತ್ತಿಗೆ ಕೊಟ್ಟೆ ಕಣೋ. ಆದ್ರೆ ಅದಕ್ಕೆ ಮುಂಚೆ 'ವೀ' ಅನ್ನಬಾರದಿತ್ತು. ಅದು ರಸ್ ಒಬ್ಬನೇ ಕರೀತಿದ್ದ ಹೆಸರು."

ಎಮೆಟ್ ಹಸ್ತಪ್ರತಿ ಮುಚ್ಚಿದ.

"ಹೋಗ್ಲಿ ಬಿಡು," ಎಂದಳು. "ಇನ್ನೊಂದ್ಸಲ ಮರೆತ್ರೂ ಹಾಗೇ ಕೊಡು."

ನಾಟಕ ನ್ಯೂಯಾರ್ಕಿಗೆ ಹೋಯಿತು, ಅವಳೂ ಹೋದಳು. ಅವಳು ಮತ್ತೆಂದೂ ಮರೆಯಲಿಲ್ಲ. ಆದರೂ ಪ್ರತಿ ಪ್ರದರ್ಶನದ ಕೊನೆಗೆ ಆ ಬದಿಗೆ ಕತ್ತು ಬಾಗಿಸಿ ಒಂದು ಗಳಿಗೆ ಕಾಯುತ್ತಿದ್ದಳು. ಪತ್ರಿಕೆಗಳು ಆ ಮೌನವನ್ನು ಹೊಗಳಿದವು. ಅವಳು ತೀರಿಕೊಳ್ಳುವವರೆಗೂ ಅವಳಿಗೂ ಎಮೆಟ್‌ಗೂ ಒಡನಾಟವಿತ್ತು. ಆ ಸಂಜೆ ತನ್ನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲವೆಂದು ಎಮೆಟ್ ಅವಳಿಗೆ ಎಂದೂ ಹೇಳಲಿಲ್ಲ.