ಕೆಳಗಿನ ಹೋಸ್ ಪೈಪ್

ಮುಕ್ಕಾಲು ಗಂಟೆಯಿಂದ ಇಂಜಿನ್ ಓಡುತ್ತಲೇ ಇತ್ತು, ಬಿಸಿ ತೋರಿಸುವ ಮುಳ್ಳು ಮಾತ್ರ ಅರ್ಧಕ್ಕಿಂತ ಮೇಲೆ ಏಳಲೊಲ್ಲದು. ಮೇಸ್ತ್ರಿ ವ್ಯಾನಿನ ಮೂತಿಗೆ ಎರಡೂ ಕೈ ಊರಿ ನಿಂತಿದ್ದ. ಹಳೇ ಗಾಡಿಗಳದ್ದು ಇದೊಂದು ಕೆಟ್ಟ ಚಾಳಿ. ದಾರಿಯಲ್ಲಿ ಎಷ್ಟೇ ರಂಪ ಮಾಡಿರಲಿ, ಗ್ಯಾರೇಜಿನ ಬಾಗಿಲು ದಾಟಿದ ಕೂಡಲೇ ಏನೂ ಅರಿಯದ ಮಗುವಿನಂತೆ ಕೂತುಬಿಡುತ್ತವೆ.

"ನೀರು ಪೂರ್ತಿ ಇತ್ತು ಭಾವ," ಮತ್ತೊಮ್ಮೆ ಅಂದ ಭಾಮೈದ, ಕೇಳದೆಯೇ. ಬೇಕರಿಯಿಂದ ಬ್ರೆಡ್ಡು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕುವುದು ಅವನ ಕಸುಬು. "ಈಗ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೋಡ್ತೀನಿ. ಆದ್ರೂ ಮೊನ್ನೆ ದೊಡ್ಡ ರಸ್ತೇಲಿ ಮತ್ತೆ ಹೀಟ್ ಆಯ್ತು. ಸಾಕಾಯ್ತು ನಂಗೆ. ಗುಜರಿಗೆ ಹಾಕ್ಬಿಡೋಣ ಅಂತ ಮಾಡಿದೀನಿ."

"ಆಮೇಲೆ ಏನ್ಮಾಡ್ತೀಯ?"

"ಬೇಕರಿ ಒಳಗೇ ಏನಾದ್ರೂ ಕೆಲ್ಸ ಕೊಡ್ತಾರೆ. ಸ್ಟೇರಿಂಗ್ ಹಿಡಿಯೋಕೆ ಕೈ ಬರ್ತಿಲ್ಲ."

ಮೇಸ್ತ್ರಿ ಹೂಂ ಅಂದ. ಮೂರು ತಿಂಗಳಿಂದ ಯಾರು ಏನು ಹೇಳಿದರೂ ಹೆಚ್ಚು ಕಮ್ಮಿ ಅದೇ ಅವನ ಉತ್ತರ. ಹೆಂಡತಿ ಹೋದಳು ಅಂತ ಇದೇ ಭಾಮೈದ ಹೇಳಿದಾಗಲೂ ಹೂಂ ಅಂದಿದ್ದ. ಅತ್ತುಬಿಡು, ಹಗುರಾಗುತ್ತೆ ಅಂತ ನೆಂಟರು ಹೇಳಿದಾಗಲೂ ಹೂಂ. ಕಲ್ಲುಮನಸ್ಸಿನವನು ಅಂತ ಕೆಲವರು ಆಡಿಕೊಂಡರು. ಮನಸ್ಸು ಕಲ್ಲಾಗಿತ್ತೆಂದಲ್ಲ, ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಬೆಳಿಗ್ಗೆ ಶಟರ್ ಎತ್ತುತ್ತಿದ್ದ, ಸಂಜೆ ಇಳಿಸುತ್ತಿದ್ದ, ನಡುವೆ ಏನೇನು ಮಾಡಿದೆ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಅವಳಿಗೆ ಎದೆನೋವು ಬಂದ ದಿನ ಅವನು ಬಿಡಿಭಾಗ ತರಲು ಬೇರೆ ಊರಿಗೆ ಹೋಗಿದ್ದ. ತಮ್ಮನೇ ಅಕ್ಕನನ್ನು ಇದೇ ವ್ಯಾನಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಅರ್ಧ ದಾರಿಯಲ್ಲಿ ಇಂಜಿನ್ ಬಿಸಿಯಾಗಿ ಬುಸುಬುಸು ಹಬೆ ಎದ್ದಿತು. ಕೈ ಅಡ್ಡ ಹಾಕಿದರೆ ಒಂದು ಗಾಡಿಯೂ ನಿಲ್ಲಲಿಲ್ಲ. ಭಾವನಿಗೆ ಫೋನು ಮಾಡಿದ. "ನೀರು ನೋಡ್ದೆ ಗಾಡಿ ತೆಗೆದ್ಯೇನೋ?" ಅಂತ ಮೇಸ್ತ್ರಿ ಗದರಿದ್ದ. "ಈಗ ಮುಚ್ಚಳ ಮುಟ್ಟಬೇಡ, ಮುಖ ಸುಟ್ಟೋಗುತ್ತೆ. ತಣ್ಣಗಾದ ಮೇಲೆ ಇರೋ ನೀರು ಹಾಕ್ಕೊಂಡು ಹೊರಡು." ತಣ್ಣಗಾಗಲು ಇಪ್ಪತ್ತೈದು ನಿಮಿಷ ಹಿಡಿಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇಗ ಬಂದಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟರು ಹೇಳಲಿಲ್ಲ, ಇವರು ಕೇಳಲೂ ಇಲ್ಲ. ಆದರೆ ಭಾವ ಗದರಿದ ಆ ಒಂದು ಮಾತು ಭಾಮೈದನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

ಈಗ ನೀರು ಪೂರ್ತಿ ಇದ್ದೂ ಬಿಸಿಯಾಗುತ್ತಿದೆ ಅಂದರೆ ಅವತ್ತಿನ ತಪ್ಪೂ ನೀರಿನದಲ್ಲ. ಪಾಪ, ಭಾಮೈದನಿಗೆ ಇದು ಹೊಳೆದಿರಲಿಲ್ಲ. ಮೇಸ್ತ್ರಿಗೆ ಹೊಳೆದಿತ್ತು, ಅದಕ್ಕೇ ಬೆಳಗಿನಿಂದ ಬೇರೆ ಕೆಲಸ ಮುಟ್ಟಿರಲಿಲ್ಲ. ರೇಡಿಯೇಟರಿನ ಮುಚ್ಚಳ ಬದಲಿಸಿ ನೋಡಿದ್ದ. ಬಿಸಿ ಏರಿದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಕುದಿಯುವ ನೀರಿಗೆ ಹಾಕಿದ್ದ, ಅದು ಸರಿಯಾಗೇ ಬಾಯಿ ತೆರೆದಿತ್ತು. ಬೆಲ್ಟು ಬಿಗಿಯಾಗಿತ್ತು, ಎಲ್ಲೂ ಹನಿ ಸೋರಿಕೆ ಇರಲಿಲ್ಲ.

"ಯಾವಾಗ ಹೀಟ್ ಆಗುತ್ತೆ? ಸರಿಯಾಗಿ ಹೇಳು."

"ಊರೊಳಗೆ ದಿನವಿಡೀ ಸುತ್ತಿದ್ರೂ ಏನಿಲ್ಲ. ಜೋರಾಗಿ ಹೊಡೆದ್ರೆ ಮಾತ್ರ."

ಜೋರಾಗಿ ಓಡುವಾಗ ಎದುರುಗಾಳಿಗೆ ಇನ್ನೂ ತಣ್ಣಗಿರಬೇಕು. ಮೇಸ್ತ್ರಿ ಟಾರ್ಚು ತೆಗೆದುಕೊಂಡ. ಆಮೇಲೆ, "ಒಳಗೆ ಕೂತು ಆಕ್ಸಿಲರೇಟರ್ ಒತ್ತು. ನಾನು ಹೇಳೋವರೆಗೂ ಬಿಡಬೇಡ," ಅಂದ.

ಇಂಜಿನ್ ಅರಚಿಕೊಂಡಿತು. ಮೇಸ್ತ್ರಿ ಟಾರ್ಚು ಹಿಡಿದು ಬಗ್ಗಿದ. ರೇಡಿಯೇಟರಿನ ತಳದಿಂದ ಇಂಜಿನ್ನಿಗೆ ನೀರು ಒಯ್ಯುವ ದಪ್ಪ ರಬ್ಬರ್ ಪೈಪು ಅವನ ಕಣ್ಣೆದುರೇ ನಡುವೆ ಕುಸಿಯಿತು. ಎರಡು ಪಕ್ಕವೂ ಒಂದಕ್ಕೊಂದು ಅಂಟಿ ನೀರಿಗೆ ದಾರಿಯೇ ಇಲ್ಲದಾಯಿತು. "ಬಿಡು," ಅಂದ. ಪೈಪು ಮೆಲ್ಲಗೆ ಉಬ್ಬಿ ಮೊದಲಿನಂತಾಯಿತು. "ಒತ್ತು." ಮತ್ತೆ ಕುಸಿಯಿತು.

ಅದು ಹಾಗೆ ಕುಸಿಯದಿರಲೆಂದು ಒಳಗೊಂದು ಸ್ಪ್ರಿಂಗ್ ಇರಬೇಕು. ಹೋದ ವರ್ಷ ಪೈಪು ಬದಲಿಸಿದಾಗ ಹಳೇ ಸ್ಪ್ರಿಂಗ್ ತುಕ್ಕು ಹಿಡಿದಿತ್ತು. ಹೊಸ ಪೈಪು ಗಟ್ಟಿಯಾಗೇ ಇದೆ, ಇದ್ಯಾಕೆ ಅಂತ ಮೇಸ್ತ್ರಿಯೇ ತೆಗೆದೆಸೆದಿದ್ದ. ಹತ್ತಾರು ಗಾಡಿಗೆ ಹಾಗೇ ಮಾಡಿದ್ದ, ಒಂದೂ ತಿರುಗಿ ಬಂದಿರಲಿಲ್ಲ. ಈ ಪೈಪು ಬಿಸಿಗೆ ಬೆಂದು ಬೆಂದು ಮೆತ್ತಗಾಗಿತ್ತು. ಊರೊಳಗೆ ಬ್ರೆಡ್ಡು ಹಾಕುವಾಗ ಅದು ಗೊತ್ತಾಗುವಷ್ಟು ಜೋರಾಗಿ ಯಾರೂ ಗಾಡಿ ಓಡಿಸುವುದಿಲ್ಲ, ಅವತ್ತು ಅಕ್ಕನನ್ನು ಕೂರಿಸಿಕೊಂಡು ಭಾಮೈದ ಓಡಿಸಿದ್ದ.

ಪೈಪು ಹಳೇದಾಗಿದೆ ಅಂದುಬಿಟ್ಟರೆ ಆಗಿಹೋಯಿತು. ಗಾಡಿ ಹೇಗೂ ಗುಜರಿಗೆ ಹೋಗುತ್ತದೆ, ಕೇಳುವವರಿಲ್ಲ. ಮೇಸ್ತ್ರಿಗೆ ಹೆದರಿಕೆಯಾಯಿತು. ಮೂರು ತಿಂಗಳಲ್ಲಿ ಅವನ ಒಳಗೆ ಏನಾದರೂ ತಟ್ಟಿತು ಅಂತಿದ್ದರೆ ಅದೊಂದೇ.

"ಆಫ್ ಮಾಡಿ ಇಳಿ," ಅಂದ. ಭಾಮೈದ ಇಳಿದು ಪಕ್ಕಕ್ಕೆ ಬಂದು ನಿಂತ. "ಅವತ್ತು ನೀರಿಗೂ ಇದಕ್ಕೂ ಸಂಬಂಧ ಇರ್ಲಿಲ್ಲ ಕಣೋ. ಈ ಪೈಪಲ್ಲಿ ಒಂದು ಸ್ಪ್ರಿಂಗ್ ಇರ್ಬೇಕಿತ್ತು. ತೆಗೆದು ಬಿಸಾಕಿದವನು ನಾನು. ನಿಂದೇನೂ ತಪ್ಪಿಲ್ಲ."

ಭಾಮೈದ ಕೂಗಾಡಲಿಲ್ಲ. ಪೈಪನ್ನೇ ನೋಡುತ್ತ ನಿಂತ. "ಹಾಗಾದ್ರೆ ಅವತ್ತು ನೀರು ಹಾಕಿದ್ರಿಂದ್ಲೂ ಏನೂ ಪ್ರಯೋಜನ ಇರ್ಲಿಲ್ಲ," ಅಂದ.

"ಇರ್ಲಿಲ್ಲ."

ಪೈಪು ಬಿಚ್ಚಬೇಕಾದರೆ ಇಂಜಿನ್ ತಣ್ಣಗಾಗಬೇಕು. ಇಬ್ಬರೂ ಹಳೇ ಟೈರುಗಳ ಮೇಲೆ ಕೂತರು. ಇಂಜಿನ್ನಿನ ಬಿಸಿ ಮೆಲ್ಲಗೆ ಇಳಿಯಿತು.

"ವ್ಯಾನಲ್ಲಿ ಒಂದೇ ಒಂದು ಬಾಟ್ಲಿ ನೀರಿತ್ತು ಭಾವ," ಅಂದ ಭಾಮೈದ ಕೊನೆಗೆ. "ಬಾಯಿ ಒಣಗ್ತಿದೆ, ಒಂದು ಗುಟುಕು ಕೊಡೋ ಅಂದ್ಲು ಅಕ್ಕ."

ಮೇಸ್ತ್ರಿ ತಲೆ ಎತ್ತಿದ.

"ಇರೋ ನೀರು ಹಾಕ್ಕೊಂಡು ಹೊರಡು ಅಂದಿದ್ರಲ್ಲ ನೀವು. ಸಾಲದೇ ಹೋದ್ರೆ ಅಂತ ಭಯ ಆಯ್ತು. ಇದು ಗಾಡಿಗೆ ಬೇಕು, ಆಸ್ಪತ್ರೇಲಿ ಕುಡಿಯೋವಂತೆ, ಇರಕ್ಕ ಅಂದೆ. ಭಾವ ಹಾಗಂದ್ರಾ ಅಂತ ಕೇಳಿದ್ಲು. ಹೌದು ಅಂದೆ. ಸರಿ, ಗಾಡಿಗೇ ಹಾಕು ಅಂದ್ಲು."

ಮೇಸ್ತ್ರಿ ಎದ್ದು ಸ್ಕ್ರೂಡ್ರೈವರ್ ತೆಗೆದುಕೊಂಡ, ಬಗ್ಗಿ ಪೈಪಿನ ಕ್ಲಿಪ್ಪು ಸಡಿಲಿಸಿದ. ಭಾಮೈದ ಬಂದು ಟಾರ್ಚು ಹಿಡಿದ. ಕೆಳಗೆ ಬೋಗುಣಿ ಇಡುವುದು ಇಬ್ಬರಿಗೂ ನೆನಪಾಗಲಿಲ್ಲ. ಉಗುರುಬೆಚ್ಚಗಿನ ನೀರು ಸಿಮೆಂಟು ನೆಲದ ಇಳಿಜಾರು ಹಿಡಿದು ಬಂದು ಮೊದಲು ಮೇಸ್ತ್ರಿಯ, ಆಮೇಲೆ ಭಾಮೈದನ ಪಾದ ತೋಯಿಸಿತು. ಇಬ್ಬರೂ ಕಾಲು ತೆಗೆಯಲಿಲ್ಲ.